ಯಾನ್ನೂಲಿಸ್ ಹಲೆಪಾಸ್

ಯಾನ್ನೂಲಿಸ್ ಹಲೆಪಾಸ್ (1851 – ಸೆಪ್ಟೆಂಬರ್ 15, 1938) ಗ್ರೀಸ್ ದೇಶದ ಶಿಲ್ಪಿ. ಆಧುನಿಕ ಗ್ರೀಕ್ ಶಿಲ್ಪಕಲೆಯ ಅತ್ಯಂತ ಪ್ರಮುಖ ಕಲಾವಿದರಲ್ಲಿ ಒಬ್ಬರೆಂದು ಅವರನ್ನು ಪರಿಗಣಿಸಲಾಗುತ್ತದೆ. ಅಥೆನ್ಸ್‌ನ ಪ್ರಥಮ ಸ್ಮಶಾನದಲ್ಲಿರುವ 'ನಿದ್ರಿಸುತ್ತಿರುವ ಕನ್ಯೆ' ಎಂಬ ಅಮೃತಶಿಲೆಯ ಸಮಾಧಿಶಿಲ್ಪ ಅವರ ಅತಿ ಪ್ರಸಿದ್ಧ ಕೃತಿ. ಯೌವನದಲ್ಲಿಯೇ ಖ್ಯಾತಿ ಗಳಿಸಿದ ಅವರು 26ನೆಯ ವಯಸ್ಸಿನ ಸುಮಾರಿಗೆ ಮಾನಸಿಕ ಅಸ್ವಸ್ಥತೆಗೆ ಒಳಗಾದರು. ಅನಂತರ 14 ವರ್ಷ ಮಾನಸಿಕ ಆಸ್ಪತ್ರೆಯಲ್ಲಿಯೂ ಮತ್ತೆ 14 ವರ್ಷ ತಾಯಿಯ ಕಟ್ಟುನಿಟ್ಟಾದ ಕಾವಲಿನಲ್ಲಿಯೂ ಕಳೆದರು. ಈ ಅವಧಿಯಲ್ಲಿ ಅವರು ಮಾಡಿದ ಶಿಲ್ಪಗಳೆಲ್ಲ ಬಹುಮಟ್ಟಿಗೆ ನಾಶವಾದವು. 1916ರಲ್ಲಿ ತಾಯಿ ತೀರಿಕೊಂಡ ಬಳಿಕ, 65ನೆಯ ವಯಸ್ಸಿನಲ್ಲಿ, ಅವರು ಮತ್ತೆ ಶಿಲ್ಪಕಲೆಗೆ ಮರಳಿದರು. ತನ್ನ ಮಕ್ಕಳನ್ನು ಕೊಂದ ತಾಯಿ ಮೆಡಿಯಾಳ ಕಥೆ ಅವರ ಕಲಾಜೀವನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಸ್ತುಗಳಲ್ಲಿ ಒಂದು.

ಜನನ ಮತ್ತು ಹಿನ್ನೆಲೆ

ಹಲೆಪಾಸ್ 1851ರ ಆಗಸ್ಟ್ ತಿಂಗಳಿನಲ್ಲಿ ಏಜಿಯನ್ ಸಮುದ್ರದ ಟಿನೋಸ್ ದ್ವೀಪದ ಪಿರ್ಗೋಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಇಯೊಆನ್ನಿಸ್ ಹಲೆಪಾಸ್, ತಾಯಿ ಇರೀನಿ. ಐವರು ಮಕ್ಕಳಲ್ಲಿ ಯಾನ್ನೂಲಿಸ್ ಹಿರಿಯರು.

ಟಿನೋಸ್ ದ್ವೀಪವು ಎರಡು ಕಾರಣಗಳಿಗಾಗಿ ಗ್ರೀಸ್‌ನಲ್ಲಿ ಹೆಸರಾಗಿದೆ. ಮೊದಲನೆಯದು ಅಲ್ಲಿನ ಅಮೃತಶಿಲೆ ಮತ್ತು ಅದನ್ನು ಕಡೆಯುವ ಕುಶಲಕರ್ಮಿಗಳ ಪರಂಪರೆ. ಮನೆಯ ಬಾಗಿಲ ಮೇಲಿನ ಕೆತ್ತನೆಯಿಂದ ಹಿಡಿದು ಚರ್ಚಿನ ಗಂಟೆಗೋಪುರದವರೆಗೆ ಎಲ್ಲವೂ ಅಲ್ಲಿ ಅಮೃತಶಿಲೆಯದೇ. ಈ ಕಸುಬನ್ನು ಯುನೆಸ್ಕೊ 2015ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡನೆಯದು ಮಾತೆ ಮೇರಿಗೆ ಸಮರ್ಪಿತವಾದ ಇವಾಂಜೆಲಿಸ್ಟ್ರಿಯಾ ಚರ್ಚು. 1823ರಲ್ಲಿ ಭೂಮಿಯಲ್ಲಿ ದೊರೆತ ಮೇರಿಯ ಪವಿತ್ರ ಚಿತ್ರಪಟವನ್ನು ಅಲ್ಲಿ ಇರಿಸಲಾಗಿದ್ದು, ಪ್ರತಿ ವರ್ಷ ಆಗಸ್ಟ್ 15ರಂದು ದೇಶದ ನಾನಾ ಭಾಗಗಳಿಂದ ಯಾತ್ರಿಕರು ಅಲ್ಲಿಗೆ ಬರುತ್ತಾರೆ. ಹೀಗೆ ಹಲೆಪಾಸ್ ಬೆಳೆದ ದ್ವೀಪದಲ್ಲಿ ಕಲ್ಲಿನ ಕೆಲಸವೂ ತಾಯಿಯ ಆರಾಧನೆಯೂ ದಿನನಿತ್ಯದ ಬದುಕಿನ ಭಾಗಗಳಾಗಿದ್ದವು. ಚಿತ್ರಕಾರ ನಿಕಿಫೊರೋಸ್ ಲಿಟ್ರಾಸ್ ಕೂಡ ಪಿರ್ಗೋಸ್ ಹಳ್ಳಿಯವರೇ.

ಹಲೆಪಾಸ್ ಕುಟುಂಬ ಅಮೃತಶಿಲೆಯ ಕೆಲಸದಲ್ಲಿ ಹೆಸರು ಮಾಡಿತ್ತು. ತಂದೆಯ ವ್ಯವಹಾರವು ಪಿರಿಯಸ್, ಸ್ಮಿರ್ನಾ ಮತ್ತು ಬುಕಾರೆಸ್ಟ್ ನಗರಗಳವರೆಗೆ ಹಬ್ಬಿತ್ತು. ಮಗ ಉಳಿಯನ್ನು ಬಿಟ್ಟು ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆತಾಯಿಯ ಅಪೇಕ್ಷೆಯಾಗಿತ್ತು. ಆದರೆ ಬಾಲ್ಯದಿಂದಲೇ ತಂದೆಯ ಕಾರ್ಯಾಗಾರದಲ್ಲಿ ಆಡಿ ಬೆಳೆದಿದ್ದ ಯಾನ್ನೂಲಿಸ್ ಶಿಲ್ಪಕಲೆಯನ್ನೇ ಆರಿಸಿಕೊಂಡರು.

ಶಿಕ್ಷಣ

1869ರಿಂದ 1872ರವರೆಗೆ ಹಲೆಪಾಸ್ ಅಥೆನ್ಸ್‌ನ ಕಲಾಶಾಲೆಯಲ್ಲಿ ಲಿಯೊನಿಡಾಸ್ ಡ್ರೋಸಿಸ್ ಅವರ ಬಳಿ ಅಭ್ಯಾಸ ಮಾಡಿದರು. ಡ್ರೋಸಿಸ್ ಆ ಕಾಲದ ಗ್ರೀಸ್‌ನ ಪ್ರಮುಖ ನವಶಾಸ್ತ್ರೀಯ ಶಿಲ್ಪಿ. ಪ್ರಾಚೀನ ಗ್ರೀಕ್ ಹಾಗೂ ರೋಮನ್ ಶಿಲ್ಪಗಳ ಪ್ರಮಾಣ, ಮೃದುವಾದ ಮೈಕಟ್ಟು ಮತ್ತು ಶಾಂತಭಾವವನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ನವಶಾಸ್ತ್ರೀಯ ಶೈಲಿಯ ಲಕ್ಷಣ.

1873ರಲ್ಲಿ ಟಿನೋಸ್‌ನ ಇವಾಂಜೆಲಿಸ್ಟ್ರಿಯಾ ಚರ್ಚಿನ ಪ್ರತಿಷ್ಠಾನವು ನೀಡಿದ ವಿದ್ಯಾರ್ಥಿವೇತನದಿಂದ ಅವರು ಜರ್ಮನಿಯ ಮ್ಯೂನಿಕ್ ನಗರಕ್ಕೆ ತೆರಳಿದರು. ಅಲ್ಲಿನ ಕಲಾ ಅಕಾಡೆಮಿಯಲ್ಲಿ ಮ್ಯಾಕ್ಸ್ ಫಾನ್ ವಿಡ್ನ್‌ಮನ್ ಅವರ ಶಿಷ್ಯರಾದರು. ವಿದ್ಯಾರ್ಥಿಯಾಗಿದ್ದಾಗಲೇ 'ಸುಂದರಿಯ ಕಥೆ' ಮತ್ತು 'ಈರೋಸ್‌ನೊಡನೆ ಆಡುತ್ತಿರುವ ಸ್ಯಾಟರ್' ಎಂಬ ಕೃತಿಗಳಿಗೆ ಬಹುಮಾನ ಪಡೆದರು. 1875ರಲ್ಲಿ ಅಥೆನ್ಸ್‌ನ ಪ್ರದರ್ಶನದಲ್ಲಿ ಸ್ಯಾಟರ್ ಶಿಲ್ಪದೊಂದಿಗೆ 'ಫಿಲೊಸ್ಟೊರ್ಗಿಯಾ' ಎಂಬ ಉಬ್ಬುಶಿಲ್ಪವೂ ಇತ್ತು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಒಡಹುಟ್ಟಿದವರ ಮತ್ತು ಹೆತ್ತವರ ವಾತ್ಸಲ್ಯ ಎಂಬ ಅರ್ಥವಿದೆ. ವಿದ್ಯಾರ್ಥಿವೇತನ ನಿಂತುಹೋದುದರಿಂದ ಅವರು 1876ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಅಥೆನ್ಸ್‌ಗೆ ಹಿಂತಿರುಗಿದರು.

ಅಥೆನ್ಸ್‌ನಲ್ಲಿ ಮೊದಲ ಘಟ್ಟ (1876–1878)

ಅಥೆನ್ಸ್‌ನಲ್ಲಿ ಹಲೆಪಾಸ್ ಸ್ವಂತ ಕಾರ್ಯಾಗಾರ ತೆರೆದರು. 1877ರಲ್ಲಿ ಸ್ಯಾಟರ್ ಮತ್ತು ಈರೋಸ್ ಶಿಲ್ಪವನ್ನು ಅಮೃತಶಿಲೆಯಲ್ಲಿ ಪೂರ್ಣಗೊಳಿಸಿದರು. ಸ್ಯಾಟರ್ ಎಂಬುದು ಗ್ರೀಕ್ ಪುರಾಣದ ವನವಾಸಿ, ಈರೋಸ್ ಪ್ರೇಮದೇವತೆ. ಈ ಶಿಲ್ಪದಲ್ಲಿ ಸ್ಯಾಟರ್ ದ್ರಾಕ್ಷಿಯ ಗೊಂಚಲನ್ನು ಎತ್ತಿ ಹಿಡಿದು ಬಾಲಕ ಈರೋಸ್‌ನನ್ನು ಆಸೆಪಡಿಸಿ ಆಟವಾಡಿಸುತ್ತಾನೆ. ಬೆಳೆದವನ ಕೈಯಲ್ಲಿರುವುದು ಮಗುವಿಗೆ ಎಟುಕದು ಎಂಬ ಈ ಸನ್ನಿವೇಶವನ್ನು ಶಿಲ್ಪಿ ಮುಂದೆ ವೃದ್ಧಾಪ್ಯದಲ್ಲಿಯೂ ಹಲವು ಬಾರಿ ಕೈಗೆತ್ತಿಕೊಂಡರು. ಸ್ಯಾಟರ್‌ನಲ್ಲಿ ತಂದೆಯನ್ನೂ ಈರೋಸ್‌ನಲ್ಲಿ ಶಿಲ್ಪಿಯನ್ನೂ ಕಂಡ ವಿಮರ್ಶಕರಿದ್ದಾರೆ.

ಅದೇ ವರ್ಷ ಅವರು ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಸೋಫಿಯಾ ಅಫೆಂಟಾಕಿ ಎಂಬ ಯುವತಿಯ ಸಮಾಧಿಗಾಗಿ 'ನಿದ್ರಿಸುತ್ತಿರುವ ಕನ್ಯೆ' ಶಿಲ್ಪವನ್ನು ಆರಂಭಿಸಿದರು. ಹಾಸಿಗೆಯ ಮೇಲೆ ದಿಂಬಿಗೆ ತಲೆಯಿಟ್ಟು, ಎದೆಯ ಮೇಲೆ ಶಿಲುಬೆ ಹಿಡಿದು ಮಲಗಿರುವ ಹುಡುಗಿಯ ರೂಪ ಅದು. ಹೊದಿಕೆಯ ನೆರಿಗೆಗಳ ಕೆಳಗೆ ಆಕೆಯ ಕಾಲು ಲಘುವಾಗಿ ಮಡಿಚಿದೆ. ಸಾವಿನ ಬಿಗುವು ಎಲ್ಲಿಯೂ ಇಲ್ಲದಿರುವುದರಿಂದ ಆಕೆ ಈಗಲೋ ಆಗಲೋ ಎಚ್ಚರಗೊಳ್ಳುವಂತೆ ತೋರುತ್ತದೆ. ಗ್ರೀಸ್‌ನಲ್ಲಿ ಈ ಶಿಲ್ಪದ ಬಗ್ಗೆ ಹಲವು ಜನಪ್ರಿಯ ಕಥೆಗಳು ಹುಟ್ಟಿಕೊಂಡಿವೆ.

ಇದೇ ಘಟ್ಟದಲ್ಲಿ ಹಲೆಪಾಸ್ ಮೆಡಿಯಾಳ ವಸ್ತುವನ್ನೂ ಮೊದಲ ಬಾರಿಗೆ ಜೇಡಿಮಣ್ಣಿನಲ್ಲಿ ರೂಪಿಸಲು ಯತ್ನಿಸಿದರು. ಆ ಕೃತಿ ಉಳಿದಿಲ್ಲ.

ಅಸ್ವಸ್ಥತೆ ಮತ್ತು ಕೊರ್ಫು ಆಸ್ಪತ್ರೆ (1878–1902)

1877–78ರ ಚಳಿಗಾಲದಲ್ಲಿ ಹಲೆಪಾಸ್ ತೀವ್ರ ಮಾನಸಿಕ ಕುಸಿತಕ್ಕೆ ಒಳಗಾದರು. ತಾವೇ ಮಾಡಿದ ಶಿಲ್ಪಗಳನ್ನು ಒಡೆದುಹಾಕತೊಡಗಿದರು, ಆತ್ಮಹತ್ಯೆಗೂ ಯತ್ನಿಸಿದರು. ಬಿಡುವಿಲ್ಲದ ದುಡಿಮೆ, ಎಷ್ಟು ಮಾಡಿದರೂ ತೃಪ್ತಿ ಕಾಣದ ಸ್ವಭಾವ ಮತ್ತು ಕೈಗೂಡದ ಪ್ರೇಮ ಇದಕ್ಕೆ ಕಾರಣಗಳೆಂದು ಜೀವನಚರಿತ್ರಕಾರರು ಗುರುತಿಸಿದ್ದಾರೆ. ಟಿನೋಸ್‌ನ ಯುವತಿಯೊಬ್ಬಳನ್ನು ಅವರು ಮದುವೆಯಾಗಲು ಬಯಸಿದ್ದರು. ಆಕೆಯ ಮನೆಯವರು ಒಪ್ಪಿರಲಿಲ್ಲ.

ಮಗನ ಕಾಯಿಲೆ ಏನೆಂಬುದು ಹೆತ್ತವರಿಗೆ ಅರ್ಥವಾಗಲಿಲ್ಲ. ಹವೆ ಬದಲಾದರೆ ಗುಣವಾಗಬಹುದೆಂದು ಅವರನ್ನು ಇಟಲಿಯ ಪ್ರವಾಸಕ್ಕೆ ಕಳುಹಿಸಿದರು. ಸ್ವಲ್ಪ ಕಾಲ ಚೇತರಿಕೆ ಕಂಡುಬಂದರೂ ಊರಿಗೆ ಮರಳಿದ ಮೇಲೆ ಮೌನ, ಏಕಾಂತ ಮತ್ತು ಕಾರಣವಿಲ್ಲದ ನಗು ಮರುಕಳಿಸಿದವು. ಹತ್ತು ವರ್ಷ ಹೀಗೆಯೇ ಕಳೆದ ಬಳಿಕ, 1888ರಲ್ಲಿ ಅವರನ್ನು ಕೊರ್ಫು ದ್ವೀಪದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಆಗ ಅವರಿಗೆ ಸುಮಾರು 37 ವರ್ಷ.

ಮನೋರೋಗದ ಚಿಕಿತ್ಸೆ ಆ ಕಾಲದಲ್ಲಿ ಬಹುಮಟ್ಟಿಗೆ ಬಂಧನವೇ ಆಗಿತ್ತು. ಆಸ್ಪತ್ರೆಯಲ್ಲಿ ಹಲೆಪಾಸ್ ಚಿತ್ರ ಬರೆದರೂ ಮಣ್ಣಿನಲ್ಲಿ ಏನನ್ನಾದರೂ ಮಾಡಿದರೂ ಅದನ್ನು ನಾಶಮಾಡಲಾಗುತ್ತಿತ್ತು. 14 ವರ್ಷಗಳ ಆ ವಾಸದಲ್ಲಿ ರೂಪಿಸಿದ ಕೃತಿಗಳಲ್ಲಿ ಒಂದೇ ಒಂದು ಉಳಿದಿದೆ. ಕಾವಲುಗಾರನೊಬ್ಬ ಅದನ್ನು ಕದ್ದು ಕಟ್ಟಡದ ನೆಲಮಾಳಿಗೆಯಲ್ಲಿ ಎಸೆದಿದ್ದನು. 1942ರಲ್ಲಿ, ಶಿಲ್ಪಿ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, ಅದು ಆಕಸ್ಮಿಕವಾಗಿ ಸಿಕ್ಕಿತು.

ತಾಯಿಯ ಆಶ್ರಯದಲ್ಲಿ (1902–1916)

1901ರಲ್ಲಿ ತಂದೆ ನಿಧನರಾದರು. ಮರುವರ್ಷ ತಾಯಿ ಇರೀನಿ ಮಗನನ್ನು ಆಸ್ಪತ್ರೆಯಿಂದ ಬಿಡಿಸಿ ಪಿರ್ಗೋಸ್‌ನ ಮನೆಗೆ ಕರೆತಂದರು. ಆಗ ಮಗನಿಗೆ ಐವತ್ತು ದಾಟಿತ್ತು. ತಂದೆಯ ವ್ಯವಹಾರದ ಹಿಂದಿನ ವೈಭವ ಉಳಿದಿರಲಿಲ್ಲ, ಮನೆಯಲ್ಲಿ ಬಡತನವಿತ್ತು.

ಮಗನ ಬುದ್ಧಿ ಕೆಟ್ಟದ್ದು ಶಿಲ್ಪಕಲೆಯಿಂದಲೇ ಎಂದು ತಾಯಿ ದೃಢವಾಗಿ ನಂಬಿದ್ದರು. ಆದುದರಿಂದ ಮಗ ಜೇಡಿಮಣ್ಣನ್ನು ಮುಟ್ಟದಂತೆ, ಇದ್ದಿಲು ಹಿಡಿದು ಚಿತ್ರ ಬರೆಯದಂತೆ ಕಾಯುತ್ತಿದ್ದರು. ಕಣ್ಣು ತಪ್ಪಿಸಿ ಮಾಡಿದ ಮಣ್ಣಿನ ಬೊಂಬೆಗಳನ್ನು ಒಡೆದು ಹಾಕುತ್ತಿದ್ದರು, ಚಿತ್ರಗಳನ್ನು ಹರಿಯುತ್ತಿದ್ದರು. ಕೊರ್ಫುವಿನಲ್ಲಿ ಕಾವಲುಗಾರರು ಮಾಡಿದ್ದ ಕೆಲಸವನ್ನು ಮನೆಯಲ್ಲಿ ತಾಯಿ ಮುಂದುವರಿಸಿದಂತಾಯಿತು. ಹಾಗಿದ್ದರೂ ಎರಡರ ನಡುವೆ ವ್ಯತ್ಯಾಸವಿತ್ತು. 14 ವರ್ಷ ಆಸ್ಪತ್ರೆಯಲ್ಲಿದ್ದ ಮಗನನ್ನು ಮನೆಗೆ ತಂದು ಉಣಿಸಿ ನೋಡಿಕೊಂಡವರೂ ಆಕೆಯೇ. ಶಿಲ್ಪವನ್ನು ಒಡೆದರೆ ಮಗ ಉಳಿಯುತ್ತಾನೆ ಎಂಬುದು ಆಕೆಯ ಲೆಕ್ಕಾಚಾರವಾಗಿತ್ತು.

ಹಲೆಪಾಸ್ ಈ ವರ್ಷಗಳಲ್ಲಿ ಹಳ್ಳಿಯ ಸುತ್ತಲಿನ ಗುಡ್ಡಗಳಲ್ಲಿ ಕುರಿ ಮೇಯಿಸುತ್ತಿದ್ದರು. ಊರವರು ಅವರನ್ನು ಹುಚ್ಚನೆಂದೇ ಕಾಣುತ್ತಿದ್ದರು. ಅಥೆನ್ಸ್‌ನ ಸ್ಮಶಾನದಲ್ಲಿ ಅವರ ಶಿಲ್ಪವನ್ನು ಜನರು ಮೆಚ್ಚಿ ನೋಡುತ್ತಿದ್ದಾಗ, ಅದನ್ನು ಮಾಡಿದ ಕೈಗೆ ಉಳಿ ಹಿಡಿಯುವ ಅವಕಾಶವಿರಲಿಲ್ಲ. 1916ರಲ್ಲಿ ತಾಯಿ ತೀರಿಕೊಂಡಾಗ ಅವರಿಗೆ ಕಲೆಯೊಡನೆ ಇದ್ದ ಸಂಬಂಧ ಬಹುಮಟ್ಟಿಗೆ ಕಡಿದುಹೋಗಿತ್ತು.

ಮರಳಿ ಶಿಲ್ಪಕಲೆಗೆ (1916–1930)

ತಾಯಿಯ ನಿಧನದ ಬಳಿಕ ಹಲೆಪಾಸ್ ಮತ್ತೆ ಕೆಲಸ ಆರಂಭಿಸಿದರು. ಅಮೃತಶಿಲೆ ಕೊಳ್ಳಲು ಹಣವಿರಲಿಲ್ಲ. ಸರಿಯಾದ ಸಲಕರಣೆಗಳೂ ಇರಲಿಲ್ಲ. ಊರಿನ ಜೇಡಿಮಣ್ಣನ್ನು ತಂದು ಕೈಬೆರಳುಗಳಿಂದಲೇ ರೂಪಗಳನ್ನು ಮಾಡುತ್ತಿದ್ದರು. ಸುಡದ ಮಣ್ಣು ಒಣಗಿದಂತೆ ಬಿರುಕು ಬಿಡುವುದರಿಂದ ಈ ಕಾಲದ ಎಷ್ಟೋ ಕೃತಿಗಳು ಹಾಳಾದವು. ತಂದೆಯ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳ ಮೇಲೆ ರೇಖಾಚಿತ್ರಗಳನ್ನೂ ಬರೆದರು. ಅಂಕಿಗಳ ಸಾಲಿನ ಮೇಲೆಯೇ ದೇವತೆಗಳು, ಸ್ತ್ರೀಯರು, ಮಕ್ಕಳು ಒಂದರ ಮೇಲೊಂದು ಮೂಡಿರುವ ಈ ಚಿತ್ರಗಳನ್ನು ಇಂದು ಅವರ ಶಿಲ್ಪಗಳಷ್ಟೇ ಮಹತ್ವದವೆಂದು ಭಾವಿಸಲಾಗುತ್ತದೆ.

ಅಥೆನ್ಸ್‌ನ ಪಾಲಿಟೆಕ್ನಿಕ್‌ನಲ್ಲಿ ಶಿಲ್ಪಕಲೆಯ ಪ್ರಾಧ್ಯಾಪಕರಾಗಿದ್ದ ಥೊಮಾಸ್ ಥೊಮೊಪುಲೋಸ್ ಹಲೆಪಾಸ್ ಅವರ ಕಲೆಯ ಅಭಿಮಾನಿ. 1923ರಲ್ಲಿ ಅವರು ಹಲೆಪಾಸ್ ಅವರ ಹಲವು ಮಣ್ಣಿನ ಕೃತಿಗಳಿಗೆ ಪ್ಲಾಸ್ಟರ್ ಪ್ರತಿಗಳನ್ನು ಮಾಡಿಸಿದರು. ಒಣಮಣ್ಣಿನ ಶಿಲ್ಪಗಳು ಉಳಿದುಕೊಳ್ಳಲು ಇದು ನೆರವಾಯಿತು. 1925ರಲ್ಲಿ ಅಥೆನ್ಸ್ ಅಕಾಡೆಮಿಯಲ್ಲಿ ಇವುಗಳ ಪ್ರದರ್ಶನ ನಡೆಯಿತು. ಬಹುಕಾಲದಿಂದ ಕಾಣೆಯಾಗಿದ್ದ ಕಲಾವಿದನೊಬ್ಬ ಸಂಪೂರ್ಣ ಹೊಸ ಶೈಲಿಯೊಂದಿಗೆ ಮತ್ತೆ ಕಾಣಿಸಿಕೊಂಡದ್ದು ಅಲ್ಲಿನ ಕಲಾವಲಯದ ಗಮನ ಸೆಳೆಯಿತು. 1927ರಲ್ಲಿ ಅವರಿಗೆ ಕಲೆ ಮತ್ತು ಸಾಹಿತ್ಯದ ಶ್ರೇಷ್ಠತಾ ಪುರಸ್ಕಾರ ದೊರೆಯಿತು. 1928ರಲ್ಲಿ ಅಥೆನ್ಸ್‌ನಲ್ಲಿಯೇ ಎರಡನೆಯ ಪ್ರದರ್ಶನ ನಡೆಯಿತು.

ಕೊನೆಯ ವರ್ಷಗಳು (1930–1938)

ಸೋದರನ ಮಗಳ ಒತ್ತಾಯಕ್ಕೆ ಮಣಿದು ಹಲೆಪಾಸ್ 1930ರಲ್ಲಿ ಅಥೆನ್ಸ್‌ಗೆ ಬಂದು ಆಕೆಯ ಕುಟುಂಬದೊಡನೆ ನೆಲೆಸಿದರು. ಆಗ ಅವರಿಗೆ 79 ವರ್ಷ. ಅರ್ಧ ಶತಮಾನದ ಬಳಿಕ ಅವರಿಗೆ ನೆಮ್ಮದಿಯಿಂದ ಕೆಲಸ ಮಾಡುವ ಮನೆ ಸಿಕ್ಕಿತು. 'ವಿಶ್ರಮಿಸುತ್ತಿರುವ ಮಹಿಳೆ', 'ಈಡಿಪಸ್ ಮತ್ತು ಆಂಟಿಗನಿ', 'ಹರ್ಮಿಸ್, ಪೆಗಸಸ್ ಮತ್ತು ಅಫ್ರೊಡೈಟಿ' ಮೊದಲಾದವು ಅವರ ಇಳಿವಯಸ್ಸಿನ ಕೃತಿಗಳು. ಸ್ಯಾಟರ್, ಸುಂದರಿಯ ಕಥೆ, ಮೆಡಿಯಾ ಮುಂತಾದ ಯೌವನದ ವಸ್ತುಗಳನ್ನೂ ಅವರು ಮತ್ತೆ ಕೈಗೆತ್ತಿಕೊಂಡರು. ಸಾಯುವ ಕಾಲದವರೆಗೂ ಕೆಲಸ ನಿಲ್ಲಿಸದ ಅವರು 1938ರ ಸೆಪ್ಟೆಂಬರ್ 15ರಂದು ಅಥೆನ್ಸ್‌ನಲ್ಲಿ ನಿಧನರಾದರು.

ಮೆಡಿಯಾ ಮತ್ತು ತಾಯ್ತನದ ವಸ್ತು

ಗ್ರೀಕ್ ಪುರಾಣದಲ್ಲಿ ಮೆಡಿಯಾ ಕೋಲ್ಕಿಸ್ ದೇಶದ ರಾಜಕುಮಾರಿ. ಜೇಸನ್ ಎಂಬ ವೀರನಿಗಾಗಿ ತವರನ್ನು ತೊರೆದು ಬಂದ ಆಕೆಯನ್ನು ಅವನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಸೇಡು ತೀರಿಸಿಕೊಳ್ಳಲು ಮೆಡಿಯಾ ತಾನು ಹೆತ್ತ ಮಕ್ಕಳನ್ನೇ ಕೊಲ್ಲುತ್ತಾಳೆ. ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್ ರಚಿಸಿದ ನಾಟಕದಿಂದ ಈ ಕಥೆ ಹೆಚ್ಚು ಪ್ರಸಿದ್ಧವಾಯಿತು.

ಹಲೆಪಾಸ್ ಅವರ ಮೆಡಿಯಾ ಶಿಲ್ಪಗಳಲ್ಲಿ ತಾಯಿಯೂ ಮಕ್ಕಳೂ ಒಂದೇ ಗುಂಪಾಗಿ ನಿಂತಿರುತ್ತಾರೆ. ತಾಯಿಯ ದೇಹ ಎತ್ತರವಾಗಿ ಕಂಬದಂತೆ ನಿಲ್ಲುತ್ತದೆ. ಮಕ್ಕಳು ಆಕೆಯ ಉಡುಪಿಗೆ ಅಂಟಿಕೊಂಡಿರುತ್ತಾರೆ. ಮಗುವಿನ ಪಾಲಿಗೆ ಆಶ್ರಯವೂ ಅಪಾಯವೂ ಒಂದೇ ಕಡೆ ಇವೆ ಎಂಬುದೇ ಈ ಸಂಯೋಜನೆಯ ತಿರುಳು. ಕ್ರೈಸ್ತ ಕಲೆಯಲ್ಲಿ ಮಾತೆ ಮೇರಿಯು ಮಗುವನ್ನು ಎತ್ತಿಕೊಂಡಿರುವ ರೂಪ ವಾತ್ಸಲ್ಯದ ಸಂಕೇತ. ಮೇರಿಯ ಚಿತ್ರಪಟಕ್ಕಾಗಿ ಹೆಸರಾದ ದ್ವೀಪದಲ್ಲಿ ಹುಟ್ಟಿದ ಶಿಲ್ಪಿ ತಾಯಿ ಮತ್ತು ಮಕ್ಕಳ ಇನ್ನೊಂದು ಮುಖವನ್ನು ಆರಿಸಿಕೊಂಡದ್ದು ಗಮನಾರ್ಹ.

ಮೆಡಿಯಾಳಲ್ಲಿ ಶಿಲ್ಪಿಯ ತಾಯಿಯನ್ನು ಕಾಣುವ ವ್ಯಾಖ್ಯಾನ ಬಹಳ ಪ್ರಚಲಿತವಾಗಿದೆ. ಶಿಲ್ಪಗಳನ್ನು ಕಲಾವಿದನ ಮಕ್ಕಳೆಂದು ಭಾವಿಸಿದರೆ, ಅವುಗಳನ್ನು ಒಡೆದ ತಾಯಿಗೂ ಮೆಡಿಯಾಳಿಗೂ ಹೋಲಿಕೆ ಕಾಣುವುದು ಸಹಜ. ಆದರೆ ಜೀವನದ ಕಾಲಾನುಕ್ರಮವನ್ನು ಗಮನಿಸಿದರೆ ಈ ವ್ಯಾಖ್ಯಾನಕ್ಕೆ ಮಿತಿಯಿದೆ. ಹಲೆಪಾಸ್ ಮೆಡಿಯಾಳನ್ನು ಮೊದಲು ರೂಪಿಸಲು ತೊಡಗಿದ್ದು ಅಸ್ವಸ್ಥತೆಯ ಆರಂಭದ ಸುಮಾರಿಗೆ, ಅಂದರೆ ತಾಯಿ ಅವರ ಕೃತಿಗಳನ್ನು ಒಡೆಯುವುದಕ್ಕೆ ಎರಡು ದಶಕಗಳಿಗೂ ಹಿಂದೆ. ಆಗ ತಮ್ಮ ಶಿಲ್ಪಗಳನ್ನು ನಾಶಮಾಡುತ್ತಿದ್ದವರು ಸ್ವತಃ ಅವರೇ. ಈ ದೃಷ್ಟಿಯಿಂದ ಮೆಡಿಯಾ ಶಿಲ್ಪಿಯದೇ ಪ್ರತಿರೂಪವೂ ಆಗುತ್ತಾಳೆ: ತಾನು ಸೃಷ್ಟಿಸಿದ್ದನ್ನು ತಾನೇ ಕೊಲ್ಲುವ ಜೀವ. ತಾಯಿಯೊಡನೆ ಕಳೆದ ವರ್ಷಗಳ ನಂತರ ಅದೇ ವಸ್ತು ಮತ್ತಷ್ಟು ಅರ್ಥಗಳನ್ನು ಪಡೆದುಕೊಂಡಿತು.

ಇಳಿವಯಸ್ಸಿನ ಮೆಡಿಯಾಗಳಲ್ಲಿ ಕ್ರೌರ್ಯದ ಅಭಿನಯ ಕಡಿಮೆ. ಮುಖದಲ್ಲಿ ಕೋಪಕ್ಕಿಂತ ಸ್ತಬ್ಧತೆ ಹೆಚ್ಚು. ತಾಯಿಯನ್ನು ಅಪರಾಧಿಯಂತೆ ಚಿತ್ರಿಸುವ ಉದ್ದೇಶ ಅವುಗಳಲ್ಲಿ ಕಾಣುವುದಿಲ್ಲ. 1902ರ ನಂತರದ ಅವರ ಮನೆಯಲ್ಲಿಯೂ ಕಾಪಾಡುವ ಕೈ ಮತ್ತು ಒಡೆಯುವ ಕೈ ಒಬ್ಬರದೇ ಆಗಿದ್ದವು.

ಶೈಲಿ

ಕಲಾ ಇತಿಹಾಸಕಾರರು ಹಲೆಪಾಸ್ ಅವರ ಕೃತಿಗಳನ್ನು ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ: 1870–1878, 1902–1930 ಮತ್ತು 1930–1938. ಮೊದಲ ಘಟ್ಟದ ಕೃತಿಗಳು ನವಶಾಸ್ತ್ರೀಯ ಶೈಲಿಯವು. ಮೇಲ್ಮೈ ನಯವಾಗಿದ್ದು, ಬೆರಳು, ಕೂದಲು, ಬಟ್ಟೆಯ ನೆರಿಗೆ ಮೊದಲಾದ ವಿವರಗಳು ಸೂಕ್ಷ್ಮವಾಗಿವೆ.

ಎರಡನೆಯ ಮತ್ತು ಮೂರನೆಯ ಘಟ್ಟಗಳಲ್ಲಿ ಈ ನಯ ಪೂರ್ತಿಯಾಗಿ ಮರೆಯಾಗುತ್ತದೆ. ಆಕೃತಿಗಳು ಗಟ್ಟಿಯಾದ, ಸರಳವಾದ ಮುದ್ದೆಗಳಾಗುತ್ತವೆ. ವಿವರಗಳನ್ನು ಕೈಬಿಟ್ಟು ದೇಹದ ಮೂಲ ಆಕಾರವನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ. ಬೆರಳಿನ ಒತ್ತುಗಳು ಹಾಗೆಯೇ ಕಾಣುತ್ತವೆ. ಸಹಜ ಪ್ರಮಾಣವನ್ನು ಬಿಟ್ಟು ದೊಡ್ಡ ಆಕೃತಿಯ ತಲೆ ಅಥವಾ ಹೆಗಲ ಮೇಲೆ ಪುಟ್ಟ ಆಕೃತಿಗಳನ್ನು ಕೂರಿಸಲಾಗುತ್ತದೆ. ಪುರಾಣ, ಜಾನಪದ ಕಥೆ ಮತ್ತು ಸ್ವಂತ ನೆನಪು ಒಂದೇ ಶಿಲ್ಪದಲ್ಲಿ ಬೆರೆಯುತ್ತವೆ.

ಈ ಕೃತಿಗಳನ್ನು ಸಂಪೂರ್ಣ ಅಮೂರ್ತ ಕಲೆ ಎನ್ನಲಾಗದು. ಮನುಷ್ಯಾಕೃತಿ ಅವುಗಳಲ್ಲಿ ಕೊನೆಯವರೆಗೂ ಉಳಿದಿದೆ. ಆದರೆ ಅನುಕರಣೆಯನ್ನು ಬಿಟ್ಟು ಆಕಾರದ ಮೂಲಕವೇ ಭಾವವನ್ನು ಹೇಳುವ ಅಮೂರ್ತತೆಯ ದಾರಿಯನ್ನು ಗ್ರೀಕ್ ಶಿಲ್ಪಕಲೆಯಲ್ಲಿ ತೆರೆದವರಲ್ಲಿ ಅವರು ಮುಖ್ಯರು. ಪಾಶ್ಚಾತ್ಯ ಯುರೋಪಿನಲ್ಲಿ ಇದೇ ದಶಕಗಳಲ್ಲಿ ಶಿಲ್ಪಿಗಳು ಇಂತಹ ಸರಳೀಕರಣದತ್ತ ಸಾಗುತ್ತಿದ್ದರು. ಕಲಾಕೇಂದ್ರಗಳಿಂದ ದೂರವಿದ್ದು ಕುರಿ ಮೇಯಿಸುತ್ತಿದ್ದ ಹಲೆಪಾಸ್ ತಮ್ಮದೇ ದಾರಿಯಿಂದ ಅಲ್ಲಿಗೆ ತಲುಪಿದರು ಎಂಬುದು ವಿಮರ್ಶಕರು ಒತ್ತಿ ಹೇಳುವ ಅಂಶ.

ಪರಂಪರೆ

ಹಲೆಪಾಸ್ ಅವರ ಹಲವು ಕೃತಿಗಳು ಅಥೆನ್ಸ್‌ನ ರಾಷ್ಟ್ರೀಯ ಶಿಲ್ಪ ಸಂಗ್ರಹಾಲಯದಲ್ಲಿವೆ. ಪಿರ್ಗೋಸ್‌ನಲ್ಲಿ ಅವರು ತಾಯಿಯೊಡನೆ ವಾಸಿಸಿದ್ದ ಮನೆಯನ್ನು ಈಗ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. ಅದೇ ಊರಿನಲ್ಲಿ ಅಮೃತಶಿಲೆಯ ಕಸುಬಿಗೆ ಮೀಸಲಾದ ವಸ್ತುಸಂಗ್ರಹಾಲಯವೂ ಇದೆ. ಲೇಖಕ ಸ್ಟ್ರಾಟಿಸ್ ಡೂಕಾಸ್ ಹಾಗೂ ರಾಷ್ಟ್ರೀಯ ಕಲಾ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಮರಿನೋಸ್ ಕಲಿಗಾಸ್ ಅವರು ಬರೆದ ಅಧ್ಯಯನಗಳು ಅವರ ಜೀವನ ಮತ್ತು ಕಲೆಯನ್ನು ಮುಂದಿನ ತಲೆಮಾರುಗಳಿಗೆ ಪರಿಚಯಿಸಿದವು.

'ನಿದ್ರಿಸುತ್ತಿರುವ ಕನ್ಯೆ' ಇಂದಿಗೂ ಗ್ರೀಸ್‌ನ ಅತ್ಯಂತ ಜನಪ್ರಿಯ ಶಿಲ್ಪಗಳಲ್ಲಿ ಒಂದು. ಅದನ್ನು ಮಾಡಿದಾಗ ಶಿಲ್ಪಿಗೆ 26 ವರ್ಷ. ವಿದ್ವಾಂಸರು ಇಂದು ಹೆಚ್ಚು ಚರ್ಚಿಸುವ ಮೆಡಿಯಾ ಮೊದಲಾದ ಕೃತಿಗಳನ್ನು ಮಾಡಿದಾಗ ಅವರಿಗೆ 65 ದಾಟಿತ್ತು. ನಡುವಿನ ಸುಮಾರು ನಾಲ್ಕು ದಶಕಗಳ ಕೆಲಸದಲ್ಲಿ ಕೊರ್ಫುವಿನ ನೆಲಮಾಳಿಗೆಯಲ್ಲಿ ಸಿಕ್ಕ ಆ ಒಂದು ಶಿಲ್ಪದ ಹೊರತು ಹೆಚ್ಚೇನೂ ಉಳಿದಿಲ್ಲ.